ಕೌದಿಯ ಬೆಲೆ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಪರೀಕ್ಷೆಯಲ್ಲಿ ಈ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ಕೇಳಿದಾಗ ಮಿತವ್ಯಯದ ಮೇಲೆ ಅರ್ಧ ಪುಟ ಬರೆದು ಅಂಕಗಳನ್ನೂ ಪಡೆದಿದ್ದೇವೆ. ಆದರೆ ಆ ಹಾಸಿಗೆಯನ್ನು ಹೊಲಿದವರು ಯಾರು, ಹೊಲಿಯಲು ಎಷ್ಟು ದಿನ ಹಿಡಿಯಿತು, ಅದರ ಬೆಲೆ ಎಷ್ಟು ಎಂದು ಯಾವ ಪರೀಕ್ಷೆಯಲ್ಲಿಯೂ ಯಾರೂ ಕೇಳಿದ್ದಿಲ್ಲ. ನಾವೂ ಯೋಚಿಸಿದ್ದಿಲ್ಲ. ಯೋಚಿಸುವಂತೆ ಮಾಡಿದ್ದು ನಮ್ಮ ಶಾಲೆಯ ಕಛೇರಿಯಲ್ಲಿ ನಡೆದ ಒಂದು ಚಿಕ್ಕ ಪ್ರಸಂಗ.

ಹತ್ತನೆಯ ವರ್ಗದ ಪರೀಕ್ಷೆಯ ಫಾರ್ಮು ತುಂಬುವ ದಿನಗಳವು. ಒಬ್ಬ ವಿದ್ಯಾರ್ಥಿನಿಯ ತಾಯಿ ಬಗಲಲ್ಲಿ ಒಂದು ಕೌದಿಯನ್ನು ಹಿಡಿದುಕೊಂಡು ಬಂದರು. ಫೀಗೆ ಹಣ ಕಡಿಮೆ ಬಿದ್ದಿತ್ತು. “ಸರ್, ಇದನ್ನ ಇಟ್ಕೊಂಡು ಹುಡಿಗಿ ಫಾರ್ಮ್ ತುಂಬ್ರಿ” ಎಂದರು. ನಾವು, “ಇರ್ಲಿ ಬಿಡ್ರಿ ಅಕ್ಕಾರ, ಫೀ ನಾವು ತುಂಬತೀವಿ, ಕೌದಿ ಮನಿಗಿ ಒಯ್ರಿ” ಎಂದೆವು. ಆ ತಾಯಿ ಒಪ್ಪಲಿಲ್ಲ. “ಪುಕ್ಕಟ ಬ್ಯಾಡ್ರಿ. ಕೌದಿ ಛಲೋ ಐತಿ, ಮೊದಲ ನೋಡ್ರಿ” ಎಂದು ಮೇಜಿನ ಮೇಲೆ ಹರಡಿಯೇ ಬಿಟ್ಟರು. ನಾಲ್ಕಾರು ಜನ ಶಿಕ್ಷಕರು ಸೇರಿ 500 ರೂಪಾಯಿ ಕೂಡಿಸಿ ಅದನ್ನು ಕೊಂಡೆವು. ಒಂದು ಪುಣ್ಯದ ಕೆಲಸ ಮಾಡಿದೆವೆಂಬ ಸಮಾಧಾನ ನಮ್ಮೆಲ್ಲರಿಗೂ ಆಯಿತು.

ಹೊರಡುವಾಗ ನಮ್ಮಲ್ಲೊಬ್ಬರು ಸುಮ್ಮನೆ ಕೇಳಿದರು: “ಇದನ್ನ ಹೊಲಿಲಿಕ್ಕೆ ಎಷ್ಟು ದಿನ ಹಿಡೀತ್ರಿ?” ಆ ತಾಯಿ ಹೇಳಿದರು: “ಒಂದು ತಿಂಗಳ ಆತ್ರಿ. ಹೊಲದಿಂದ ಬಂದ ಮ್ಯಾಲ ದಿನಾ ಎರಡು-ಮೂರು ತಾಸು ಕೂಡ್ತಿದ್ದೆ.” ದಿನಕ್ಕೆ ಎರಡೂವರೆ ತಾಸೆಂದು ಹಿಡಿದರೆ ತಿಂಗಳಿಗೆ 75 ತಾಸು. ನಾವು ಕೊಟ್ಟದ್ದು 500 ರೂಪಾಯಿ. ಒಂದು ತಾಸಿನ ಕೆಲಸಕ್ಕೆ ಏಳು ರೂಪಾಯಿಯೂ ಬೀಳಲಿಲ್ಲ! ಬಟ್ಟೆಯೂ ಅವರದೇ, ದಾರವೂ ಅವರದೇ. ನಾವು ದಾನ ಮಾಡಿದೆವೆಂದು ತಿಳಿದಿದ್ದೆವು. ಲೆಕ್ಕ ಹಾಕಿ ನೋಡಿದರೆ ಆ ತಾಯಿಯೇ ನಮಗೆ ದಾನ ಮಾಡಿ ಹೋಗಿದ್ದರು.

ಈ ಲೇಖನ ಹುಟ್ಟಿದ್ದು ಆ ಲೆಕ್ಕದಿಂದ. ಮಕ್ಕಳ ಓದಿಗಾಗಿ ತಾಯಂದಿರು ತಮ್ಮ ಕೈಕೆಲಸದ ವಸ್ತುವನ್ನು ಮಾರುವುದಾದರೆ, ಅದನ್ನು ನಿಜವಾದ ಬೆಲೆಗೆ, ನಿಜವಾದ ವ್ಯಾಪಾರವೆಂದು ಮಾರಬೇಕು. ಕರುಣೆಯ ಬೆಲೆಗೆ ಮಾರಿದರೆ ಕೊಂಡವನಿಗೆ ಪುಣ್ಯವಿಲ್ಲ, ಮಾರಿದವಳಿಗೆ ಅನ್ನವಿಲ್ಲ, ಓದುವ ಮಗುವಿಗೆ ಮರುವರ್ಷದ ಭರವಸೆಯಿಲ್ಲ. ಇದು ನಮ್ಮ ನಮ್ರ ಅಭಿಪ್ರಾಯ.

ಕೌದಿಯನ್ನು ನಮ್ಮ ವಾಚಕರಿಗೆ ಪರಿಚಯಿಸುವ ಕಾರಣವಿಲ್ಲ. ಭೀಮೆಯ ಈ ದಂಡೆಯ ಭಂಡಾರಕವಠೆಯಲ್ಲಿರಲಿ, ಆ ದಂಡೆಯ ವಿಜಯಪುರ ಜಿಲ್ಲೆಯಲ್ಲಿರಲಿ, ಅಕ್ಕಲಕೋಟೆಯ ಕಡೆಗಿರಲಿ, ಕೌದಿಯಿಲ್ಲದ ಮನೆಯಿಲ್ಲ. ಮರಾಠಿಯವರು ಅದನ್ನೇ ಗೋಧಡಿ ಎನ್ನುತ್ತಾರೆ. ಅಜ್ಜಿಯ ಹಳೆಯ ಇಳಕಲ್ಲ ಸೀರೆ, ಅಜ್ಜನ ಧೋತರ, ಅವ್ವನ ಖಣದ ಕುಬಸ, ನಮ್ಮದೇ ಹರಿದ ಶಾಲೆಯ ಅಂಗಿ—ಇವೆಲ್ಲ ಸೇರಿ ಒಂದು ಕೌದಿ. ಕೂಸು ಹುಟ್ಟಿದರೆ ತೊಟ್ಟಿಲಿಗೆ ಚಿಕ್ಕ ಕೌದಿ, ಮಗಳು ಗಂಡನ ಮನೆಗೆ ಹೊರಟರೆ ಗಂಟಿನಲ್ಲಿ ದೊಡ್ಡ ಕೌದಿ. ಹೊಲಿಗೆ ಮುಗಿಯುವ ಹೊತ್ತಿಗೆ ನಡುವೆ ಒಂದಿಷ್ಟು ಜಾಗ ಬಿಟ್ಟು, ಅದರೊಳಗೆ ಹೋಳಿಗೆಯದೋ ರೊಟ್ಟಿಯದೋ ಒಂದು ತುಣುಕನ್ನಿಟ್ಟು ‘ಕೌದಿಯ ಹೊಟ್ಟೆ ತುಂಬಿಸುವ’ ಪದ್ಧತಿ ಕೆಲವು ಮನೆಗಳಲ್ಲಿ ಇದೆ. ಹೊದೆಯುವ ಬಟ್ಟೆಯೂ ಹಸಿದಿರಬಾರದೆಂದು ಬಯಸಿದ ಹೆಂಗಸರು ಅದನ್ನು ಹೊಲಿದವರು.

ಆದರೆ ನಮ್ಮ ಭಾಗದಲ್ಲಿ ಬಟ್ಟೆಯೆಂದರೆ ಎಲ್ಲರಿಗೂ ನೆನಪಾಗುವುದು ಸೊಲ್ಲಾಪುರದ ಚಾದರ. ಅದು ಯೋಗ್ಯವೇ. 1877 ರಲ್ಲಿ ‘ಜುನೀ ಗಿರಣಿ’ ಆರಂಭವಾದಂದಿನಿಂದ ಸೊಲ್ಲಾಪುರವು ಗಿರಣಿಗಳ ಊರೆಂದು ಹೆಸರಾಯಿತು. ತೆಲುಗು ನಾಡಿನಿಂದ ಬಂದ ನೇಕಾರರು ಮಗ್ಗ ಹೂಡಿದರು. ದೊಡ್ಡ ಗಿರಣಿಗಳ ಚಿಮಣಿಗಳು ಒಂದೊಂದಾಗಿ ಹೊಗೆ ನಿಲ್ಲಿಸಿದರೂ ಚಾದರದ ಹೆಸರು ಉಳಿಯಿತು. ಸೊಲ್ಲಾಪುರದ ಚಾದರಕ್ಕೂ ಟೆರಿ ಟಾವೆಲಿಗೂ ಜಿ.ಐ. ಮನ್ನಣೆ ದೊರೆಯಿತು. ಅಂದರೆ ಆ ಹೆಸರು ಆ ಊರಿನದೇ, ಬೇರೆಯವರು ಅದನ್ನು ಹಚ್ಚಿಕೊಂಡು ಮಾರುವಂತಿಲ್ಲ ಎಂದು ಕಾಯ್ದೆ ಒಪ್ಪಿಕೊಂಡಿತು. ಕರ್ನಾಟಕದ ಕಸೂತಿಗೂ, ಸಂಡೂರಿನ ಲಂಬಾಣಿ ಕಸೂತಿಗೂ ಇಂಥ ಮನ್ನಣೆಯಿದೆ. ನಮ್ಮ ಮನೆಯ ಕೌದಿ ಮಾತ್ರ ಮಂಚದ ಕೆಳಗಿನ ಟ್ರಂಕಿನಲ್ಲಿಯೇ ಇದೆ. ಮನೆಯ ಕೆಲಸವೆಂದ ಕೂಡಲೇ ಅದಕ್ಕೆ ಬೆಲೆಯಿಲ್ಲವೆಂದು ನಾವೇ ತೀರ್ಮಾನಿಸಿಬಿಟ್ಟಿದ್ದೇವೆ.

ಇದೇ ಕೌದಿ ಬೇರೊಂದು ಕಡೆ ಏನಾಯಿತೆಂಬುದನ್ನು ಈಗ ನೋಡೋಣ. ಅದಕ್ಕಾಗಿ ಉತ್ತರ ಕನ್ನಡ ಜಿಲ್ಲೆಯ ಕಾಡಿಗೆ ಹೋಗಬೇಕು.

ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲೂಕುಗಳಲ್ಲಿ ಸಿದ್ದಿಯರೆಂಬ ಜನರಿದ್ದಾರೆ. ಇವರ ಪೂರ್ವಜರು ಆಫ್ರಿಕಾ ಖಂಡದವರು. ಪೋರ್ತುಗೀಜರು ಪೂರ್ವ ಆಫ್ರಿಕಾದಿಂದ ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡನ್ನು ಸೇರಿದರು. ಇಂದು ಅವರಲ್ಲಿ ಹಿಂದೂಗಳೂ, ಮುಸಲ್ಮಾನರೂ, ಕ್ರೈಸ್ತರೂ ಇದ್ದಾರೆ; ಕೊಂಕಣಿಯನ್ನೂ ಕನ್ನಡವನ್ನೂ ಆಡುತ್ತಾರೆ.

ಆಫ್ರಿಕಾದವರು ಎಂದರೆ ನಮಗೆ ಬಹಳ ದೂರದವರೆನಿಸುತ್ತದೆ. ಹಾಗೆ ತಿಳಿಯಬೇಕಾಗಿಲ್ಲ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಲ್ಪಟ್ಟು, ಅಹಮದನಗರ ರಾಜ್ಯದ ಸೂತ್ರಧಾರನಾಗಿ ಬೆಳೆದ ಮಲಿಕ್ ಅಂಬರನು 1625 ರಲ್ಲಿ ನಮ್ಮ ಸೊಲ್ಲಾಪುರದ ಕೋಟೆಯನ್ನೇ ಗೆದ್ದಿದ್ದ. ವಿಜಯಪುರಕ್ಕೆ ಸಹಲಿಗೆ ಹೋದಾಗ ನಮ್ಮ ಮಕ್ಕಳು ನೋಡಿ ಬೆರಗಾಗುವ ಇಬ್ರಾಹಿಂ ರೋಜಾದ ನಿರ್ಮಾಣ ನಡೆಸಿದ ಮಲಿಕ್ ಸಂದಲನೂ ಹಬಶಿಯೇ. ಈ ಸೀಮೆಯ ಇತಿಹಾಸದಲ್ಲಿ ಆಫ್ರಿಕಾದ ಕೈಗಳ ಕೆಲಸ ನಾನೂರು ವರುಷಗಳ ಹಿಂದೆಯೇ ಇತ್ತು.

ಉತ್ತರ ಕನ್ನಡದ ಸಿದ್ದಿ ಹೆಂಗಸರೂ ನಮ್ಮವರಂತೆಯೇ ಹಳೆಯ ಬಟ್ಟೆಯ ಚಿಂದಿಗಳಿಂದ ಕೌದಿ ಹೊಲಿಯುತ್ತಾರೆ, ಕವಂದಿ ಎನ್ನುತ್ತಾರೆ. ಅವರು ಒಂದು ಮೂಲೆಯಿಂದ ಆರಂಭಿಸಿ, ಅಂಚಿನ ಸುತ್ತ ತುಂಡುಗಳನ್ನು ಜೋಡಿಸುತ್ತ, ಸುತ್ತಿ ಸುತ್ತಿ ನಡುವಿನವರೆಗೆ ಬರುತ್ತಾರೆ. ನಾಲ್ಕು ಮೂಲೆಗಳಿಗೆ ಬಟ್ಟೆಯನ್ನು ಮಡಿಚಿ ಮಾಡಿದ ‘ಫೂಲ’, ಅಂದರೆ ಹೂಗಳನ್ನು ಹಚ್ಚುತ್ತಾರೆ. ಹೂವಿಲ್ಲದ ಕೌದಿ ಬತ್ತಲೆ ಇದ್ದಂತೆ ಎಂಬುದು ಅವರ ಭಾವನೆ. ಕ್ರೈಸ್ತರ ಕೌದಿಯಲ್ಲಿ ಶಿಲುಬೆಯೂ, ಮುಸಲ್ಮಾನರ ಕೌದಿಯಲ್ಲಿ ಅರ್ಧಚಂದ್ರವೂ ಮೂಡುವುದುಂಟು.

2004 ರಲ್ಲಿ ಅಮೇರಿಕೆಯ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹೆನ್ರಿ ಡ್ರೂವಲ್ ಎಂಬವರು ಸಿದ್ದಿ ಜನರ ಅಭ್ಯಾಸಕ್ಕೆಂದು ಇಲ್ಲಿಗೆ ಬಂದಿದ್ದರು. ಅವರ ಕಣ್ಣು ಕೌದಿಗಳ ಮೇಲೆ ಬಿತ್ತು. ಅವರ ನೆರವಿನಿಂದ ಸಿದ್ದಿ ಹೆಂಗಸರ ಕೌದಿ ಸಹಕಾರ ಸಂಘವೊಂದು ಹುಟ್ಟಿಕೊಂಡಿತು. 2011 ರಲ್ಲಿ ಈ ಕೌದಿಗಳ ಪ್ರದರ್ಶನ ನ್ಯೂಯಾರ್ಕ್ ನಗರದ ಷೋಂಬರ್ಗ್ ಕೇಂದ್ರದಲ್ಲಿ ನಡೆಯಿತು. ಗುಡಿಸಲ ನೆಲದ ಮೇಲೆ ಹಾಸುತ್ತಿದ್ದ ಕೌದಿ ಗೋಡೆಯನ್ನೇರಿತು. ಅದರ ಕೆಳಗೆ ಹೊಲಿದ ಹೆಂಗಸಿನ ಹೆಸರು ಬಂದಿತು.

ವಾಚಕರು ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕೌದಿ ಬದಲಾಗಲಿಲ್ಲ. ಅದೇ ಚಿಂದಿ, ಅದೇ ದಾರ, ಅದೇ ಬೆರಳು. ಬದಲಾದದ್ದು ನೋಡುವವರ ಕಣ್ಣು ಮತ್ತು ಮಾರುವ ರೀತಿ. ಅಮೇರಿಕೆಯಿಂದ ಒಬ್ಬರು ಬಂದು ಹೇಳುವವರೆಗೆ ನಮ್ಮ ಪಕ್ಕದ ಮನೆಯ ಕಲೆ ನಮಗೆ ಕಾಣಿಸಲಿಲ್ಲವೆಂಬುದು ಸ್ವಲ್ಪ ನಾಚಿಕೆಯ ಮಾತೇ ಸರಿ.

ಕೌದಿಯೊಂದರಿಂದಲೇ ಸಿದ್ದಿಯರ ಬಾಳು ಹಸನಾಯಿತೆಂದು ಹೇಳಿದರೆ ಅದು ಉತ್ಪ್ರೇಕ್ಷೆಯಾದೀತು. 2003 ರಲ್ಲಿ ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. 2020 ರಲ್ಲಿ ಶಾಂತಾರಾಮ ಸಿದ್ದಿಯವರು ಕರ್ನಾಟಕ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಹಕ್ಕು, ಶಾಲೆ, ಸಂಘಟನೆ—ಇವೆಲ್ಲ ಕೂಡಿದಾಗಲೇ ಒಂದು ಸಮಾಜ ಮುಂದೆ ಬರುತ್ತದೆ. ಗುಜರಾತಿನ ಸಿದ್ದಿ ಹೆಂಗಸರನ್ನು ಸಂಘಟಿಸಿ, ಮಕ್ಕಳ ಶಿಕ್ಷಣಕ್ಕಾಗಿ ದುಡಿದ ಹೀರಾಬಾಯಿ ಲೋಬಿಯವರಿಗೆ 2023 ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಆದರೂ ಹೆಂಗಸಿನ ಕೈಗೆ ಅವಳದೇ ದುಡ್ಡು ಬಂದರೆ ಅದು ಎಲ್ಲಿಗೆ ಹೋಗುತ್ತದೆಂಬುದು ತಾಯಂದಿರನ್ನು ಬಲ್ಲವರಿಗೆಲ್ಲ ಗೊತ್ತು. ಮೊದಲು ಒಲೆಗೆ, ಆಮೇಲೆ ಮಕ್ಕಳ ಪಾಟಿಗೆ, ಕೊನೆಗೆ ಉಳಿದರೆ ತನ್ನ ಬಳೆಗೆ.

ಸಿದ್ದಿಯರ ಮೂಲಖಂಡವಾದ ಆಫ್ರಿಕಾದಲ್ಲಿಯೂ ಇದೇ ಕಥೆ ಬೇರೆ ಬೇರೆ ರೂಪದಲ್ಲಿ ನಡೆದಿದೆ. ಘಾನಾ ದೇಶದ ಬೊಲ್ಗಟಾಂಗಾ ಎಂಬಲ್ಲಿ ಹೆಂಗಸರು ಒಣಹುಲ್ಲಿನಿಂದ ಬಣ್ಣಬಣ್ಣದ ಬುಟ್ಟಿ ಹೆಣೆಯುತ್ತಾರೆ. ಕೆನ್ಯಾದಲ್ಲಿ ಕತ್ತಾಳೆಯ ನಾರಿನಿಂದ ‘ಕಿಯೊಂಡೊ’ ಎಂಬ ಚೀಲ ಹೆಣೆಯುತ್ತಾರೆ. ಯುಗಾಂಡಾದಲ್ಲಿ ಹಳೆಯ ಮಾಸಪತ್ರಿಕೆಗಳ ಹಾಳೆಯನ್ನು ಉದ್ದನೆಯ ತ್ರಿಕೋನಾಕಾರವಾಗಿ ಕತ್ತರಿಸಿ, ಸೂಜಿಗೆ ಸುತ್ತಿ, ಅಂಟು ಹಚ್ಚಿ, ವಾರ್ನಿಶ್ ಬಳಿದು ಮಣಿ ಮಾಡುತ್ತಾರೆ. ಆ ಮಣಿಗಳ ಸರ ಯುರೋಪು-ಅಮೇರಿಕೆಗಳ ಅಂಗಡಿಗಳಿಗೆ ಹೋಗುತ್ತದೆ. ಅಂಥ ಎಷ್ಟೋ ಚಿಕ್ಕ ಅಂಗಡಿಗಳು ‘ಈ ವಸ್ತುವಿನ ಹಣ ಮಕ್ಕಳ ಶಿಕ್ಷಣಕ್ಕೆ’ ಎಂದು ಹೇಳಿಯೇ ಮಾರುತ್ತವೆ. ಯುಗಾಂಡಾ 1997 ರಲ್ಲಿ, ಕೆನ್ಯಾ 2003 ರಲ್ಲಿ ಪ್ರಾಥಮಿಕ ಶಾಲೆಯ ಫೀಯನ್ನು ತೆಗೆದುಹಾಕಿದವು. ಆದರೆ ಫೀ ಹೋದರೂ ಸಮವಸ್ತ್ರ, ಪುಸ್ತಕ, ಬೂಟು ಹಾಗೆಯೇ ಉಳಿದವು. ಮುಂದಿನ ಓದಂತೂ ತಾಯಿ-ತಂದೆಯರ ಹೆಗಲ ಮೇಲೆಯೇ ಉಳಿಯಿತು. ಇದು ನಮಗೆ ಪರಿಚಯವಿಲ್ಲದ ಕಥೆಯೇ?

ನಮ್ಮಲ್ಲಿ 2009 ರ ಶಿಕ್ಷಣ ಹಕ್ಕಿನ ಕಾಯ್ದೆಯ ಪ್ರಕಾರ ಆರರಿಂದ ಹದಿನಾಲ್ಕು ವಯಸ್ಸಿನವರೆಗೆ ಶಿಕ್ಷಣ ಉಚಿತ ಮತ್ತು ಕಡ್ಡಾಯ. ಆದರೆ ಮಗುವಿಗೆ ಹದಿನಾಲ್ಕು ತುಂಬಿದ ಮೇಲೆಯೇ ಓದು ದುಬಾರಿಯಾಗುತ್ತದೆ. ಗಡಿಯ ಕನ್ನಡ ಶಾಲೆಯ ಮಕ್ಕಳಿಗೆ ಇದು ಇನ್ನೂ ಬಿಗಿ. ಹತ್ತನೆಯ ವರ್ಗ ಮುಗಿದರೆ ಸೊಲ್ಲಾಪುರಕ್ಕೆ ಹೋಗಬೇಕು, ಇಲ್ಲವೇ ಹೊಳೆ ದಾಟಿ ಕರ್ನಾಟಕಕ್ಕೆ ಹೋಗಬೇಕು. ಎಸ್.ಟಿ.ಯ ಪಾಸು, ಊಟದ ಡಬ್ಬಿ, ಖೋಲಿಯ ಬಾಡಿಗೆ ಅಥವಾ ವಸತಿಗೃಹದ ಖರ್ಚು. ಕಬ್ಬು ಕೈಕೊಟ್ಟ ವರ್ಷ ಮೊದಲು ನಿಲ್ಲುವುದು ಹೆಣ್ಣುಮಕ್ಕಳ ಪಾಸು. ಅಲ್ಲಿಗೆ ಅವರ ಓದೂ ನಿಲ್ಲುತ್ತದೆ. ಇದು ನಾವು ವರ್ಷವರ್ಷವೂ ಹಾಜರಿ ಪುಸ್ತಕದಲ್ಲಿ ಕಾಣುವ ಸತ್ಯ.

ಆದ್ದರಿಂದ ಕೌದಿಯ ವ್ಯಾಪಾರದಿಂದ ಮಕ್ಕಳ ಓದಿಗೆ ನೆರವಾಗುವುದೆಂದರೆ ನಮಗೆ ಸಂತೋಷವೇ. ಆದರೆ ಇಲ್ಲಿ ಮೂರು ಅಪಾಯಗಳಿವೆ. ಅವನ್ನು ಮುಚ್ಚಿಡದೆ ಹೇಳುವುದು ನಮ್ಮ ಕರ್ತವ್ಯ.

ಮೊದಲನೆಯದು ಕರುಣೆಯ ವ್ಯಾಪಾರ. ಬಡ ಮಗುವಿನ ಅಳುಮೋರೆಯ ಚಿತ್ರವನ್ನು ವಸ್ತುವಿಗೆ ಅಂಟಿಸಿ ಮಾರುವವರಿದ್ದಾರೆ. ಅದನ್ನು ಕೊಂಡವರು ಒಂದು ಸಲ ಕೊಳ್ಳುತ್ತಾರೆ, ಮೂಲೆಗೆ ಹಾಕುತ್ತಾರೆ, ಮತ್ತೆ ಬರುವುದಿಲ್ಲ. ವಸ್ತು ಚೆನ್ನಾಗಿದೆಯೆಂದು ಕೊಂಡವರು ಮಾತ್ರ ಮರುವರ್ಷ ತಮ್ಮ ಬೀಗರನ್ನೂ ಕರೆದುಕೊಂಡು ಬರುತ್ತಾರೆ. ಓದು ಒಂದು ವರ್ಷದ ಮಾತಲ್ಲ. ಹತ್ತು-ಹನ್ನೆರಡು ವರ್ಷ ನಡೆಯುವಂಥದು. ಹಾಗಾಗಿ ಅದಕ್ಕೆ ಬರುವ ಹಣವೂ ವರ್ಷವರ್ಷ ಬರುವಂಥದಾಗಿರಬೇಕು. ಇನ್ನೊಂದು ಮಾತು: ತನ್ನ ಬಡತನದ ಚಿತ್ರ ಪೇಟೆಯಲ್ಲಿ ತೂಗುತ್ತಿದೆಯೆಂದು ತಿಳಿದ ಮಗು ತಲೆಯೆತ್ತಿ ಓದೀತೇ?

ಎರಡನೆಯದು ಮಕ್ಕಳ ಕೈಗೆ ಸೂಜಿ ಕೊಡುವ ಅಪಾಯ. ಈ ಪ್ರಶ್ನೆ ಹೊಸದಲ್ಲ. 1937 ರಲ್ಲಿ ವರ್ಧಾದ ಶಿಕ್ಷಣ ಪರಿಷತ್ತಿನಲ್ಲಿ ಮಹಾತ್ಮಾ ಗಾಂಧೀಜಿಯವರು ಕೈಕೆಲಸದ ಮೂಲಕ ಶಿಕ್ಷಣವೆಂಬ ವಿಚಾರವನ್ನು ಮುಂದಿಟ್ಟಾಗ, ಮಕ್ಕಳು ಮಾಡಿದ ವಸ್ತುಗಳಿಂದ ಕ್ರಮೇಣ ಶಿಕ್ಷಕರ ಸಂಬಳವೂ ಹೊರಟೀತೆಂಬ ಆಶೆ ಅದರಲ್ಲಿತ್ತು. ಆ ಯೋಜನೆಯನ್ನು ರೂಪಿಸಿದ ಡಾ. ಝಾಕೀರ ಹುಸೇನರ ಸಮಿತಿಯೇ, ಗಳಿಕೆಯ ಕಡೆಗೆ ಲಕ್ಷ್ಯ ಹೆಚ್ಚಾಗಿ ಕಲಿಕೆಯ ಉದ್ದೇಶ ಹಿಂದೆ ಬೀಳುವ ಅಪಾಯವಿದೆಯೆಂದು ಎಚ್ಚರಿಸಿತು. ಆ ಎಚ್ಚರಿಕೆ ಇಂದಿಗೂ ಸಲ್ಲುತ್ತದೆ. ಓದುವುದಕ್ಕಾಗಿ ದುಡಿ ಎಂದು ಹತ್ತು ವರ್ಷದ ಮಗುವಿಗೆ ಹೇಳಿದರೆ, ಅದು ದುಡಿಯುತ್ತದೆ, ಓದುವುದಿಲ್ಲ.

ನಮ್ಮ ಮಹಾರಾಷ್ಟ್ರದಲ್ಲಿಯೇ ಕರ್ಮವೀರ ಭಾವುರಾವ ಪಾಟೀಲರು 1919 ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ ‘ದುಡಿದು ಕಲಿಯಿರಿ’ ಎಂಬ ಯೋಜನೆಯನ್ನು ನಡೆಸಿದರು. ಅದರಿಂದ ಸಾವಿರಾರು ಬಡ ಹುಡುಗರು ಮೇಲೆ ಬಂದರು. ವಸತಿಗೃಹದ ಮಕ್ಕಳ ಊಟಕ್ಕಾಗಿ ಅವರ ಪತ್ನಿ ಲಕ್ಷ್ಮೀಬಾಯಿಯವರು ಮೈಮೇಲಿನ ಬಂಗಾರವನ್ನೂ, ಕೊನೆಗೆ ಮಂಗಳಸೂತ್ರವನ್ನೂ ಕೊಟ್ಟರು. ಆ ತಾಯಿಯ ತ್ಯಾಗಕ್ಕೆ ನಾವು ತಲೆ ಬಾಗುತ್ತೇವೆ. ಆದರೆ ಎಲ್ಲ ಕಾಲಕ್ಕೂ ತಾಯಿಯ ತಾಳಿಯೇ ಒತ್ತೆಯಾಗಬೇಕೆ? ಅವಳ ಕೈಕೆಲಸಕ್ಕೆ ತಕ್ಕ ಬೆಲೆ ಕೊಟ್ಟರೆ ಆ ಪ್ರಸಂಗವೇ ಬರಲಿಕ್ಕಿಲ್ಲ.

ಮೂರನೆಯ ಅಪಾಯ ನಮ್ಮ ಮನೆಗಳ ಒಳಗೇ ಇದೆ. ಅದನ್ನು ಹೇಳಿದರೆ ಕೆಲವರಿಗೆ ಬೇಸರವಾದೀತು. ಕೌದಿಯಿಂದ ದುಡ್ಡು ಬರುತ್ತದೆಂದು ಗೊತ್ತಾದ ಕೂಡಲೇ ಅಕ್ಕನನ್ನು ಶಾಲೆ ಬಿಡಿಸಿ ಕೌದಿಗೆ ಕೂಡಿಸುವುದು, ಆ ದುಡ್ಡಿನಿಂದ ತಮ್ಮನನ್ನು ಕಾಲೇಜಿಗೆ ಕಳಿಸುವುದು. ಸೊಲ್ಲಾಪುರದ ಓಣಿಗಳಲ್ಲಿ ಬೀಡಿ ಕಟ್ಟುವ ಮನೆಗಳನ್ನು ನೋಡಿದವರಿಗೆ ಇದು ಹೊಸದೆನಿಸುವುದಿಲ್ಲ. ತಾಯಿಯ ಪಕ್ಕದಲ್ಲಿ ಮಗಳೂ ಸೂಪು ಹಿಡಿದು ಕೂಡುತ್ತಾಳೆ. ‘ಸ್ವಲ್ಪ ಕೈಗೂಡಿಸು’ ಎಂದು ಆರಂಭವಾದದ್ದು ಆಯುಷ್ಯವೆಲ್ಲ ಮುಂದುವರಿಯುತ್ತದೆ. ಬೀಡಿಯ ಜಾಗಕ್ಕೆ ಕೌದಿ ಬಂದರೆ ಎಲೆಯ ಬದಲು ಬಟ್ಟೆ ಬಂದಂತಾಯಿತು, ಅಷ್ಟೇ. ಮಕ್ಕಳ ಓದಿಗಾಗಿ ಎಂದು ಮಾರುವ ಕೌದಿ ಒಬ್ಬ ಹುಡುಗಿಯ ಓದನ್ನು ನಿಲ್ಲಿಸಿದರೆ ಆ ಕೌದಿಯನ್ನು ಹೊಲಿಯದಿರುವುದೇ ಲೇಸು.

ಇನ್ನು ಕೆಲವರು ಕೇಳುವ ಪ್ರಶ್ನೆಗಳಿಗೆ ಬರೋಣ. ‘ಶಿಕ್ಷಣದ ಖರ್ಚು ಸರಕಾರದ ಹೊಣೆಯಲ್ಲವೇ?’ ಎಂದು ಕೇಳುತ್ತಾರೆ. ಹೌದು, ಸರಕಾರದ್ದೇ. ಆ ಹೊಣೆಯನ್ನು ಯಾರೂ ಕೌದಿಯೊಳಗೆ ಮುಚ್ಚಬಾರದು. ವಿದ್ಯಾರ್ಥಿವೇತನ ಸಮಯಕ್ಕೆ ಬರಬೇಕು, ಬಸ್ಸು ಸಮಯಕ್ಕೆ ಬರಬೇಕು ಎಂದು ಕೇಳುತ್ತಲೇ ಇರೋಣ. ಆದರೆ ಅರ್ಜಿಗೆ ಉತ್ತರ ಬರುವವರೆಗೆ ಮಗುವಿನ ವಯಸ್ಸು ನಿಲ್ಲುವುದಿಲ್ಲ.

‘ಪೇಟೆಯಲ್ಲಿ ಮುನ್ನೂರಕ್ಕೆ ಬ್ಲಾಂಕೆಟ್ ಸಿಗುವಾಗ ಕೌದಿಗೆ ಸಾವಿರಗಟ್ಟಲೆ ಕೊಡುವವರಾರು?’ ಎಂದು ಕೇಳುತ್ತಾರೆ. ಯಂತ್ರದ ಬ್ಲಾಂಕೆಟಿನೊಡನೆ ಬೆಲೆಯಲ್ಲಿ ಸ್ಪರ್ಧಿಸಲು ಹೊರಟರೆ ಸೋಲುವುದು ಖಂಡಿತ. ಆದರೆ ಕೌದಿ ಕೊಳ್ಳುವವರು ಬೇರೆ. ಹತ್ತಿಯ ಹಳೆಯ ಬಟ್ಟೆಯ ಮೆತ್ತನೆ, ಕೈಹೊಲಿಗೆಯ ಸಾಲು, ಒಂದರಂತೆ ಇನ್ನೊಂದಿಲ್ಲದ ಬಣ್ಣ—ಇವನ್ನು ಬಯಸಿ ಬರುವವರು ಪಟ್ಟಣಗಳಲ್ಲಿದ್ದಾರೆ. ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಗೆ ಬರುವ ಜನ, ಅಕ್ಕಲಕೋಟೆಯ ಸ್ವಾಮಿ ಸಮರ್ಥರ ದರ್ಶನಕ್ಕೆ ಪುಣೆ-ಮುಂಬಯಿಗಳಿಂದ ಬರುವ ಜನ ನಮ್ಮ ಬಾಗಿಲ ಮುಂದೆಯೇ ಹಾದುಹೋಗುತ್ತಾರೆ. ಅವರು ಪ್ರಸಾದದ ಜೊತೆಗೆ ಒಂದು ತೊಟ್ಟಿಲ ಕೌದಿಯನ್ನೂ ಒಯ್ಯಬಾರದೇಕೆ?

ಹಾಗಾದರೆ ಮಾಡಬೇಕಾದದ್ದೇನು? ನಮಗೆ ತೋಚಿದ ನಾಲ್ಕು ಮಾತುಗಳನ್ನು ಗ್ರಾಮಸ್ಥರ ಮುಂದೆ ಇಡುತ್ತೇವೆ.

ಮೊದಲನೆಯದಾಗಿ, ತಾಸಿನ ಲೆಕ್ಕ ಇಡಬೇಕು. ಕೌದಿ ಹೊಲಿಯಲು ಕೂತ ಪ್ರತಿ ತಾಸನ್ನೂ ಒಂದು ವಹಿಯಲ್ಲಿ ಬರೆದಿಡಬೇಕು. ಎಂಟು ತಾಸಿಗೆ ಹೊಲದ ಒಂದು ದಿನದ ಕೂಲಿ. ನಾವು 500 ಕ್ಕೆ ಕೊಂಡ ಕೌದಿಯನ್ನೇ ನೋಡಿರಿ: 75 ತಾಸೆಂದರೆ ಒಂಬತ್ತು ದಿನಕ್ಕೂ ಮೇಲಾಯಿತು. ದಿನಕ್ಕೆ 300 ರೂಪಾಯಿ ಕೂಲಿಯೆಂದು ಹಿಡಿದರೂ ಕೂಲಿಯೇ 2,800 ಕ್ಕೆ ಬರುತ್ತದೆ. ಬಟ್ಟೆ, ದಾರ ಬೇರೆ. ಹೀಗೆ ಲೆಕ್ಕ ಬರೆದಿಟ್ಟ ಹೆಂಗಸು ಚೌಕಾಶಿ ಮಾಡುವವನ ಮುಂದೆ ಬೆದರುವುದಿಲ್ಲ. ವಹಿಯನ್ನು ತೆರೆದು ತೋರಿಸುತ್ತಾಳೆ.

ಎರಡನೆಯದಾಗಿ, ಕೂಲಿ ಬೇರೆ, ದೇಣಿಗೆ ಬೇರೆ ಎಂದು ಇಡಬೇಕು. ಹೊಲಿದವಳ ಕೂಲಿ ಹೊಲಿದವಳಿಗೇ ಸೇರಬೇಕು. ಅದನ್ನು ಅವಳು ತನಗೆ ತೋಚಿದಂತೆ ವೆಚ್ಚ ಮಾಡಲಿ. ಕೂಲಿಯ ಮೇಲೆ ಉಳಿಯುವ ಲಾಭದಲ್ಲಿ ಎಲ್ಲರೂ ಕೂಡಿ ಒಪ್ಪಿದ ಪಾಲು ಮಾತ್ರ ವಿದ್ಯಾನಿಧಿಗೆ ಹೋಗಲಿ. ನಮ್ಮೂರಲ್ಲಿ ಹೆಂಗಸರ ಬಚತ ಗಟಗಳಿವೆ. ಬ್ಯಾಂಕಿನ ವ್ಯವಹಾರ ಅವರಿಗೆ ಗೊತ್ತು. ಆ ನಿಧಿಗೆ ಬಂದದ್ದೆಷ್ಟು, ಯಾವ ಕಾರಣಕ್ಕೆ ಹೋದದ್ದೆಷ್ಟು ಎಂಬುದನ್ನು ತಿಂಗಳಿಗೊಮ್ಮೆ ಫಲಕದ ಮೇಲೆ ಬರೆಯಬೇಕು. ನೆರವು ಪಡೆದ ಮಗುವಿನ ಹೆಸರನ್ನು ಮಾತ್ರ ಬರೆಯಬಾರದು.

ಮೂರನೆಯದಾಗಿ, ಮಾರಾಟದ ಕೌದಿಯನ್ನು ಶಾಲೆಯ ಮಕ್ಕಳಿಂದ ಹೊಲಿಸಬಾರದು. ಕಾರ್ಯಾನುಭವದ ತಾಸಿನಲ್ಲಿ ಕೌದಿ ಹೊಲಿಯುವುದನ್ನು ಹುಡುಗಿಯರೂ ಹುಡುಗರೂ ಕಲಿಯಲಿ. ಹುಡುಗರ ಕೈಗೆ ಸೂಜಿ ಚುಚ್ಚಿದಾಗಲೇ ಅವರಿಗೆ ಅವ್ವನ ಕೆಲಸದ ಬೆಲೆ ತಿಳಿದೀತು. ಆದರೆ ಅದು ಕಲಿಕೆ. ವ್ಯಾಪಾರದಲ್ಲಿ ಮಕ್ಕಳ ಕೆಲಸ ಬೇರೆ ಇದೆ. ತಾಸಿನ ವಹಿಯನ್ನು ಕೂಡಿಸುವುದು, ಬೆಲೆ ಕಟ್ಟುವುದು, ಕೊಳ್ಳುವವರಿಗೆ ಕನ್ನಡ, ಮರಾಠಿ, ಇಂಗ್ಲೀಷಿನಲ್ಲಿ ಪತ್ರ ಬರೆಯುವುದು, ಪ್ರತಿ ಕೌದಿಗೂ ಒಂದು ಚೀಟಿ ಬರೆದು ಕಟ್ಟುವುದು. ಚೀಟಿಯಲ್ಲಿ ‘ಬಡ ಮಕ್ಕಳಿಗೆ ನೆರವಾಗಿರಿ’ ಎಂದಿರಬೇಕಾಗಿಲ್ಲ. ‘ಇಂಥವರು ಹೊಲಿದದ್ದು, 75 ತಾಸಿನ ಕೆಲಸ, ಭಂಡಾರಕವಠೆ’ ಎಂದಿದ್ದರೆ ಸಾಕು. ಈ ಚೀಟಿಯನ್ನು ಶುದ್ಧವಾಗಿ ಬರೆಯಲು ಕಲಿತ ವಿದ್ಯಾರ್ಥಿ ಗಣಿತವನ್ನೂ ಭಾಷೆಯನ್ನೂ ಒಟ್ಟಿಗೇ ಕಲಿತಂತಾಯಿತು.

ನಾಲ್ಕನೆಯದಾಗಿ, ಕೆಲಸ ಶುದ್ಧವಾಗಿರಬೇಕು. ತಕ್ಕ ಬೆಲೆ ಕೇಳುವವರು ತಕ್ಕ ವಸ್ತುವನ್ನೂ ಕೊಡಬೇಕು. ಕುಸಿದ ಬಟ್ಟೆ, ಬಣ್ಣ ಬಿಡುವ ಅರಿವೆ, ಅವಸರದ ಉದ್ದ ಹೊಲಿಗೆ ಸಲ್ಲವು. ಒಂದು ಕೆಟ್ಟ ಕೌದಿ ಹತ್ತು ಒಳ್ಳೆಯ ಕೌದಿಗಳ ಹೆಸರನ್ನು ಕೆಡಿಸುತ್ತದೆ.

ಇದೆಲ್ಲ ನಮಗೆ ಹೊಸ ಪಾಠವೇನೂ ಅಲ್ಲ. ಶರಣರ ಈ ನೆಲದಲ್ಲಿ ಕಾಯಕದ ಅರ್ಥವನ್ನು ಹೊರಗಿನವರಿಂದ ಕಲಿಯಬೇಕಾಗಿಲ್ಲ. ನೇಯ್ಗೆಯ ಕಾಯಕದ ಅಮುಗೆ ದೇವಯ್ಯ-ರಾಯಮ್ಮ ದಂಪತಿಗಳು ಸೊನ್ನಲಿಗೆಯಲ್ಲಿದ್ದವರೇ, ಎಂದರೆ ನಮ್ಮ ಸೊಲ್ಲಾಪುರದವರೇ. ಗಂಡನು ದಿನಕ್ಕಿಂತ ಹೆಚ್ಚಿಗೆ ಅಕ್ಕಿಯನ್ನು ಆಯ್ದು ತಂದಾಗ ಅದನ್ನು ಮರಳಿ ಸುರಿದು ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಪ್ರತಿ ವರ್ಷ ಪಾಠ ಹೇಳುತ್ತೇವೆ. ತನಗೆ ಸಲ್ಲದ್ದನ್ನು ಒಯ್ಯಬಾರದೆಂಬುದು ಆ ಕಥೆಯ ಅರ್ಥ. ಅದಕ್ಕೆ ಇನ್ನೊಂದು ಮಗ್ಗುಲೂ ಇದೆಯೆಂದು ನಮಗೆ ಆ ಕೌದಿಯನ್ನು ಕೊಂಡ ಮೇಲೆ ಹೊಳೆಯಿತು: ಇನ್ನೊಬ್ಬರಿಗೆ ಸಲ್ಲಬೇಕಾದದ್ದನ್ನು ನಾವು ಇಟ್ಟುಕೊಂಡರೆ ಅದೂ ಹೆಚ್ಚಿಗೆ ಆಯ್ದ ಅಕ್ಕಿಯೇ.

ವಿದ್ಯಾರ್ಥಿನಿಯರಿಗೆ ಒಂದು ಮಾತು. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಮರಾಠಿಯಲ್ಲಿ ಶಾಲೆ ಕಲಿತವರು. ಕನ್ನಡವನ್ನು ಮನೆಯಲ್ಲಿ ಕಲಿತು, ಸಿದ್ಧರಾಮೇಶ್ವರರ ಮೇಲೆ ಪುರಾಣವನ್ನೇ ಬರೆದು, 1974 ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠವನ್ನೇರಿದ ಮೊದಲ ಮಹಿಳೆ ಅವರು. ನಿಮಗೆ ಕನ್ನಡ ಶಾಲೆಯೇ ಇದೆ. ನಿಮ್ಮ ಅವ್ವ ಸೂಜಿ ಹಿಡಿದಿರುವುದು ನಿಮ್ಮ ಕೈಯಲ್ಲಿ ಲೇಖನಿ ಉಳಿಯಲೆಂದು. ಅದನ್ನು ನಡುವೆಯೇ ಕೆಳಗಿಡಬೇಡಿರಿ. ಯಾರಾದರೂ ಇಡಿಸಲು ಬಂದರೆ ನಮ್ಮಲ್ಲಿಗೆ ಬಂದು ಹೇಳಿರಿ.

ಕೊನೆಗೆ ಆ ಕೌದಿಯ ಮಾತು. ಲೆಕ್ಕ ಹಾಕಿದ ಮೇಲೆ ನಮಗೆ ಸುಮ್ಮನಿರಲಾಗಲಿಲ್ಲ. ಉಳಿದ ಹಣವನ್ನು ಕೂಡಿಸಿಕೊಂಡು ಆ ತಾಯಿಯ ಮನೆಗೆ ಹೋದೆವು. ಅವರು ಅದನ್ನು ಮುಟ್ಟಲಿಲ್ಲ. “ಕೊಟ್ಟದ್ದು ಕೊಟ್ಟಂಗಾತ್ರಿ, ಆವತ್ತಿನ ಮಾತು ಆವತ್ತಿಗೇ ಮುಗೀತು. ಈಗ ಇನ್ನೊಂದು ಹೊಲ್ಯಾಕ ಹತ್ತೀನಿ. ಅದನ್ನ ಸರಿಯಾದ ಬೆಲಿಗಿ ತಗೋರಿ” ಎಂದರು. ಪಕ್ಕದಲ್ಲಿ ಕುಳಿತು ಮಗಳು ಒಂದು ಹಳೆಯ ವಹಿಯಲ್ಲಿ ತಾರೀಖು ಹಾಕಿ ತಾಸು ಬರೆಯುತ್ತಿದ್ದಳು. ಆ ಎರಡನೆಯ ಕೌದಿಯನ್ನು ನಾವು ವಹಿ ನೋಡಿಯೇ ಕೊಂಡೆವು. ಚೌಕಾಶಿ ಮಾಡಲಿಲ್ಲ.